ಬಸ್ಸಿನಲ್ಲಿ ಕೂತು ಲೆಕ್ಕ ತಿದ್ದುವವರಿಗೆ

ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು. ಸುಗ್ಗಿಯಲ್ಲಿ ಆ ದಿನ ಹಾವೇರಿಯಿಂದ ಬ್ಯಾಡಗಿ ಬಸ್ಸು ಹತ್ತಿದರೆ ನಿಮ್ಮಂಥವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತೀರಿ. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈಯಲ್ಲಿ ಮೊಬೈಲು, ಹೆಬ್ಬೆರಳು ಗೂಗಲ್ ಶೀಟಿನ ಮೇಲೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹೆಬ್ಬೆರಳು ಜಾರುತ್ತದೆ. ಜಾರಿ ಯಾವ ಖಾನೆಯ ಮೇಲೆ ಬಿತ್ತು ಎಂದು ನೀವು ನೋಡುವುದಿಲ್ಲ, ಹಿಂದಿನ ಸೀಟಿನಲ್ಲಿರುವ ನಾನು ನೋಡುತ್ತೇನೆ. ಪರರ ಫೋನಿನಲ್ಲಿ ಇಣುಕುವುದು ತಪ್ಪೇ. ಅರವತ್ತು ದಾಟಿದವಳಿಗೆ ಅಷ್ಟು ರಿಯಾಯಿತಿ ಕೊಡಿ.

ನಾನು ಅಗಡಿಯವಳು. ನಮ್ಮ ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಕೆಲಸ ಎಷ್ಟೋ ವರ್ಷಗಳಿಂದ ನನ್ನ ಕೊರಳಿಗೇ ಬಿದ್ದಿದೆ. ಖಾರದ ಪುಡಿ, ಶಾವಿಗೆ, ಹಪ್ಪಳ ಮಾಡಿ ಮಾರುತ್ತೇವೆ. ಮೆಣಸಿನಕಾಯಿ ಬ್ಯಾಡಗಿಯಿಂದ ಬರಬೇಕು, ಪುಡಿ ಹಾವೇರಿಗೂ ರಾಣೆಬೆನ್ನೂರಿಗೂ ಹೋಗಬೇಕು. ಮೊದಲು ಎಲ್ಲ ನೋಟ್‌ಬುಕ್ಕಿನಲ್ಲಿತ್ತು. ಆಮೇಲೆ ನನ್ನ ತಂಗಿಯ ಮಗಳು ಅದನ್ನೆಲ್ಲ ಫೋನಿಗೆ ಏರಿಸಿಕೊಟ್ಟಳು. ಅಂದಿನಿಂದ ನಾನೂ ನಿಮ್ಮ ಹಾಗೆಯೇ ಬಸ್ಸಿನಲ್ಲಿ ಶೀಟು ತೆರೆದು ಕೂರುವವಳು. ಮಾಡಬಾರದ್ದನ್ನೆಲ್ಲ ಮಾಡಿ ಕಲಿತಿದ್ದೇನೆ, ಅದಕ್ಕೇ ಸ್ವಲ್ಪ ಗದರಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಕಡೆಯ ಹಳೆಯ ಅಂಗಡಿಕಾರರು ಎರಡು ಪುಸ್ತಕ ಇಡುತ್ತಿದ್ದರು. ದಿನವಿಡೀ ಆದ ವಹಿವಾಟು ಆದ ಕ್ರಮದಲ್ಲಿಯೇ ಸಾಲಾಗಿ ಬೀಳುವುದು ಕಿರ್ದಿ ಪುಸ್ತಕಕ್ಕೆ. ಸಂಜೆ ದೀಪ ಹಚ್ಚಿದ ಮೇಲೆ, ಕೈಕಾಲು ತೊಳೆದು, ಗಾದಿಯ ಮೇಲೆ ಕೂತು, ಕಿರ್ದಿ ನೋಡಿ ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆಯುವುದು ಖಾತೆ ಪುಸ್ತಕಕ್ಕೆ. ಗಿರಾಕಿ ಎದುರಿಗೆ ನಿಂತಾಗ ಯಾರೂ ಖಾತೆಗೆ ಕೈ ಹಾಕುತ್ತಿರಲಿಲ್ಲ. ನೀವು ಫೋನಿನಲ್ಲಿ ಈ ಎರಡನ್ನೂ ಕಲಸಿಬಿಟ್ಟಿದ್ದೀರಿ, ಎಲ್ಲ ಕಿತಾಪತಿ ಅಲ್ಲಿಂದಲೇ. ದಾರಿಯಲ್ಲಿ ಇರುವಾಗ ಹೊಸ ಸಾಲು ಬರೆಯಿರಿ, ಹಳೆಯ ಸಾಲು ತಿದ್ದಬೇಡಿ. ತಿದ್ದುವುದು, ಹೊಂದಿಸುವುದು, ಕೂಡಿಸಿ ನೋಡುವುದು ಎಲ್ಲ ಮನೆಗೆ ಬಂದ ಮೇಲೆ, ಸಾಧ್ಯವಾದರೆ ದೊಡ್ಡ ಪರದೆಯ ಮೇಲೆ.

ನನ್ನ ಅವಾಂತರವನ್ನೇ ಮೊದಲು ಹೇಳಿಬಿಡುತ್ತೇನೆ. ಒಮ್ಮೆ ರಾಣೆಬೆನ್ನೂರಿಗೆ ಹೋಗುತ್ತಿದ್ದೆ. ಸದಸ್ಯೆಯರ ಹೆಸರು ಅಕಾರಾದಿಯಲ್ಲಿ ಇದ್ದರೆ ಚೆಂದ ಎಂದು ಬಸ್ಸಿನಲ್ಲೇ ಹುಕಿ ಬಂತು. ಹೆಸರಿದ್ದ ಕಾಲಮ್ಮನ್ನು ಮಾತ್ರ ಬೆರಳಿನಿಂದ ಆರಿಸಿ ಸಾರ್ಟ್ ಒತ್ತಿದೆ. ಹೆಸರುಗಳು ಮೇಲೆ ಕೆಳಗೆ ಓಡಾಡಿ ಸಾಲಾಗಿ ನಿಂತವು. ಪಕ್ಕದಲ್ಲಿದ್ದ ದುಡ್ಡು ಮಾತ್ರ ಇದ್ದಲ್ಲೇ ಇತ್ತು! ಒಬ್ಬಳ ಸಾಲ ಇನ್ನೊಬ್ಬಳ ಹೆಸರಿಗೆ, ಇನ್ನೊಬ್ಬಳ ಉಳಿತಾಯ ಮತ್ತೊಬ್ಬಳಿಗೆ. ನನಗೆ ಗೊತ್ತೇ ಆಗಲಿಲ್ಲ. ಮರುದಿನ ಸಂಘದ ಸಭೆಯಲ್ಲಿ ಒಬ್ಬಾಕೆ ಎದ್ದು, ‘ಅಕ್ಕಾರ, ನಾ ಸಾಲಾನ ತಗೊಂಡಿಲ್ಲ, ನನ್ನ ಹೆಸರಿನ ಮುಂದ ಇದೇನ್ರಿ?’ ಎಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಗಾದೆ. ನಾನು ಒಂದೇ ಬೆರಳಿನಲ್ಲಿ ಸಂಘಕ್ಕೆ ಸಂಘವನ್ನೇ ಕೋಡಂಗಿ ಮಾಡಿದ್ದೆ.

ಕೊನೆಗೆ ಉಳಿಸಿದ್ದು ಹಳೆಯ ಪ್ರತಿಗಳ ಇತಿಹಾಸ. ಗೂಗಲ್ ಶೀಟ್ ತಾನಾಗಿಯೇ ಹಿಂದಿನ ರೂಪಗಳನ್ನು ಇಟ್ಟುಕೊಂಡಿರುತ್ತದೆ. ಕಂಪ್ಯೂಟರಿನಲ್ಲಿ ಫೈಲ್ ಮೆನುವಿಗೆ ಹೋಗಿ ವರ್ಷನ್ ಹಿಸ್ಟರಿ ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಬದಲಿಸಿದರು ಎಂದು ಕಾಣುತ್ತದೆ. ಬಸ್ಸಿನ ಹಿಂದಿನ ದಿನದ ರೂಪಕ್ಕೆ ಮರಳಿಸಿದೆವು. ಆದರೆ ಆ ನಡುವೆ ಬರೆದಿದ್ದ ಹೊಸ ಸಾಲುಗಳನ್ನು ಮತ್ತೆ ಚೀಟಿ ಹುಡುಕಿ ಬರೆಯಬೇಕಾಯಿತು. ಆದ್ದರಿಂದ ದಾರಿಯಲ್ಲಿ ಸಾರ್ಟ್ ಬೇಡ. ಒಬ್ಬರ ಲೆಕ್ಕ ಮಾತ್ರ ನೋಡಬೇಕೆಂದರೆ ಫಿಲ್ಟರ್ ಹಾಕಿ, ನೋಡಿ, ತೆಗೆಯಿರಿ. ತೆಗೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದೆ ತೆರೆದವರು ಉಳಿದ ಸಾಲುಗಳು ಕಳೆದೇ ಹೋದವು ಎಂದು ಎದೆ ಬಡಿದುಕೊಳ್ಳುತ್ತಾರೆ. ಎಡವಟ್ಟಾದದ್ದು ಆ ಕ್ಷಣವೇ ಗೊತ್ತಾದರೆ ಮೇಲೆ ಹಿಂದಕ್ಕೆ ಬಾಗಿದ ಬಾಣವಿದೆ, ಅದನ್ನು ಒತ್ತಿ. ಗಾಬರಿಯಾಗಿ ಇನ್ನೂ ನಾಲ್ಕು ಕಡೆ ಒತ್ತಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಹೊರಡುವ ಮುಂಚೆ ಮಾಡುವ ಕೆಲಸವನ್ನು ಹೊರಟ ಮೇಲೆ ಮಾಡುವ ನಿಮ್ಮ ಚಾಳಿ ನನಗೆ ಸೇರುವುದಿಲ್ಲ. ಹೆದ್ದಾರಿಯಲ್ಲಿ ಸಿಗ್ನಲ್ ಇರುತ್ತದೆ, ಒಳ ಹಳ್ಳಿಯ ರಸ್ತೆಗೆ ತಿರುಗಿದರೆ ಇರುತ್ತದೆ ಎಂದು ಹೇಳಲಾಗದು. ಅಲ್ಲಿ ಶೀಟು ತೆರೆಯಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ, ನೀವು ಫೋನನ್ನು ಕಿಟಕಿಯಿಂದಾಚೆ ಚಾಚುತ್ತೀರಿ. ಬಾಯಾರಿದಾಗ ಬಾವಿ ತೋಡಿದಂತೆ! ಮನೆಯಲ್ಲಿ ನೆಟ್ ಚೆನ್ನಾಗಿರುವಾಗಲೇ ಆ ಶೀಟಿನ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್ ಸಿಗುವಂತೆ ಮಾಡಿಟ್ಟುಕೊಳ್ಳಿ. ಆಗ ನೆಟ್ ಇಲ್ಲದೆಯೂ ತೆರೆಯುತ್ತದೆ, ಬರೆದದ್ದು ಫೋನಿನಲ್ಲೇ ಉಳಿದು, ನೆಟ್ ಬಂದಾಗ ಮೇಲೆ ಏರುತ್ತದೆ. ಏರಿತೋ ಇಲ್ಲವೋ ಎಂದು ಹಾವೇರಿಗೆ ಬಂದಮೇಲೆ ಒಮ್ಮೆ ತೆರೆದು ನೋಡಿ. ಫೋನು ಬಂದ್ ಮಾಡಿ ಚೀಲಕ್ಕೆ ಹಾಕಿ, ಎರಡು ದಿನ ಬಿಟ್ಟು ‘ನಾನು ಬರೆದಿದ್ದೆನಲ್ಲ’ ಎಂದರೆ ನಿಮ್ಮ ಮಾತು ಯಾರು ನಂಬಬೇಕು?

ಇದೆಲ್ಲ ತಲೆನೋವು ಎನ್ನುವವರಿಗೆ ನಮ್ಮೂರಿನ ಒಂದು ಸಂಗತಿ ಹೇಳಬೇಕು. ಅಗಡಿಯ ಆನಂದವನ ನಿಮಗೆ ಗೊತ್ತಿರಬಹುದು, ಶೇಷಾಚಲ ಸದ್ಗುರುಗಳ ಸ್ಥಳ. 1907ರಲ್ಲಿ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಹಿಂದೆ ಇದ್ದವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು. ಕನ್ನಡಿಗರಿಗೆ ಕಾದಂಬರಿಯ ರುಚಿ ಹಚ್ಚಿದ ಆ ಮನುಷ್ಯ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದರು. ಪುಸ್ತಕವೂ ತಲೆಯ ಮೇಲೆ, ಅದರ ಲೆಕ್ಕವೂ ತಲೆಯಲ್ಲಿ. ನಿಮಗೆ ಆ ಭಾರ ಯಾವುದೂ ಇಲ್ಲ. ನಿಮ್ಮ ಗಂಟನ್ನು ಎಲ್ಲೋ ದೂರದ ಕಂಪ್ಯೂಟರು ಹೊತ್ತಿದೆ. ನೀವು ಮಾಡಬೇಕಾದದ್ದು ಮೂರು ಚುಕ್ಕಿ ಒತ್ತುವುದು, ಅದಕ್ಕೂ ಬೇಜಾರು ಎಂದರೆ ಹೇಗೆ?

ಇನ್ನು ಬರೆಯುವ ಮಾತು. ಇಲ್ಲಿ ನಾನು ನಿಲ್ಲಿಸಿ ನಿಲ್ಲಿಸಿ ಹೇಳುತ್ತೇನೆ, ಏಕೆಂದರೆ ನೀವು ತಪ್ಪುವುದು ಇಲ್ಲೇ ಹೆಚ್ಚು.

ತೂಕದ ಖಾನೆಯಲ್ಲಿ ‘20 ಕೆಜಿ’ ಎಂದು ಬರೆಯಬೇಡಿ. ಬರೀ 20 ಎಂದು ಬರೆಯಿರಿ. ಕೆಜಿ ಎನ್ನುವುದು ಮೇಲಿನ ತಲೆಬರಹದಲ್ಲಿ ಒಮ್ಮೆ ಇದ್ದರೆ ಸಾಕು. ಅಂಕಿಯ ಜೊತೆ ಅಕ್ಷರ ಸೇರಿತೆಂದರೆ ಶೀಟು ಅದನ್ನು ಅಂಕಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊತ್ತ ಕೂಡಿಸುವಾಗ ಆ ಸಾಲನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ತಪ್ಪಾಯಿತು ಎಂದು ಕೂಗಿದ್ದರೆ ಒಳ್ಳೆಯದಿತ್ತು, ಕೂಗುವುದಿಲ್ಲ.

ಬ್ಯಾಡಗಿಯಲ್ಲಿ ದರ ಕ್ವಿಂಟಲ್ಲಿಗೆ, ನೀವು ಬರೆಯುವ ತೂಕ ಒಮ್ಮೆ ಕೆಜಿಯಲ್ಲಿ, ಒಮ್ಮೆ ಕ್ವಿಂಟಲ್ಲಿನಲ್ಲಿ. ಲೆಕ್ಕಕ್ಕೆ ಸುಲಭವಾಗಲೆಂದು ದರ 20,000 ಎಂದಿಟ್ಟುಕೊಳ್ಳಿ. 240 ಕೆಜಿಗೆ 48,000 ರೂಪಾಯಿ. ಅದೇ ಕೆಜಿಯ ಖಾನೆಯಲ್ಲಿ ಮೈಮರೆತು 2.40 ಎಂದು ಹಾಕಿದರೆ 480 ರೂಪಾಯಿ! ದಲಾಲರು ಕೊಟ್ಟ ಪಟ್ಟಿಯಲ್ಲಿ ಯಾವ ಅಳತೆ ಇದೆ ಎಂದು ನೋಡಿ, ನಿಮ್ಮ ಶೀಟಿನ ಅಳತೆಗೆ ತಂದು, ಆಮೇಲೆ ಬರೆಯಿರಿ. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರು ತುಂಗಭದ್ರೆಯ ದಂಡೆಯಲ್ಲೇ ಕೂತು ಹೇಳಿರಬೇಕು.

ಲಾಟ್ ನಂಬರೋ ಚೀಲದ ಗುರುತೋ 2-3 ಎಂದು ಇರುತ್ತದೆ. ಹಾಗೆಯೇ ಒತ್ತಿದರೆ ಶೀಟು ಅದನ್ನು ತಾರೀಖು ಮಾಡಿಬಿಡುತ್ತದೆ. ನಿಮ್ಮ ಮೆಣಸಿನಕಾಯಿ ಚೀಲ ಹೋಗಿ ಫೆಬ್ರವರಿಯೋ ಮಾರ್ಚೋ ಬಂದು ಕೂತಿರುತ್ತದೆ. ನಮ್ಮಂಥವರಿಗೆ ಮಾತ್ರ ಈ ಕಾಟ ಎಂದುಕೊಳ್ಳಬೇಡಿ. ದೇಹದ ಜೀನ್‌ಗಳಿಗೆ ವಿಜ್ಞಾನಿಗಳು ಇಟ್ಟ ಹೆಸರುಗಳಲ್ಲಿ ಮಾರ್ಚ್1, ಸೆಪ್ಟ್1 ಎಂಬಂಥವೂ ಇದ್ದವು. ಎಕ್ಸೆಲ್ ಅವನ್ನು ಪದೇಪದೇ ತಾರೀಖು ಮಾಡಿ ಅವರ ಸಂಶೋಧನೆಯ ಪಟ್ಟಿಗಳನ್ನು ಕೆಡಿಸುತ್ತಿತ್ತು. ಕೊನೆಗೆ 2020ರಲ್ಲಿ ವಿಜ್ಞಾನಿಗಳೇ ಸೋತು ಜೀನ್‌ಗಳ ಹೆಸರು ಬದಲಿಸಿದರು ಎನ್ನಿ! ಅಷ್ಟು ಓದಿದವರೇ ಎಕ್ಸೆಲ್ಲಿಗೆ ಕೈ ಮುಗಿದರೆ ನಮ್ಮದೇನು? ನೀವು ಇಷ್ಟು ಮಾಡಿ: ಆ ಇಡೀ ಕಾಲಮ್ಮನ್ನು ಮೊದಲೇ ಪ್ಲೇನ್ ಟೆಕ್ಸ್ಟ್ ಎಂದು ಗೊತ್ತುಮಾಡಿ. ಸೊನ್ನೆಯಿಂದ ಶುರುವಾಗುವ ನಂಬರುಗಳಿಗೂ ಇದೇ ಔಷಧ. ಇಲ್ಲದಿದ್ದರೆ 0087 ಹೋಗಿ 87 ಆಗುತ್ತದೆ, ಮುಂದಿನ ಸೊನ್ನೆ ಬೆಲೆಯಿಲ್ಲದ್ದು ಎಂದು ಶೀಟು ಎಸೆದುಬಿಡುತ್ತದೆ. ಬ್ಯಾಂಕಿನ ಖಾತೆ ಸಂಖ್ಯೆ 16 ಅಂಕಿಯದಾಗಿದ್ದರೆ ಎಕ್ಸೆಲ್ 15ನ್ನು ಮಾತ್ರ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ನಿಜ ಹೇಳಬೇಕೆಂದರೆ ಬ್ಯಾಂಕ್ ನಂಬರು, ಆಧಾರ್ ನಂಬರು ದಾರಿಯಲ್ಲಿ ತೆರೆಯುವ ಶೀಟಿನಲ್ಲಿ ಇರಲೇಬಾರದು.

ತಾರೀಖಿನದೇ ಇನ್ನೊಂದು ಕಥೆ. ಶೀಟಿನ ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಎಂದಿದ್ದರೆ 3/4 ಎನ್ನುವುದು ಅದಕ್ಕೆ ಮಾರ್ಚ್ 4, ನಮಗೆ ಏಪ್ರಿಲ್ 3. ಕಂಪ್ಯೂಟರಿನಲ್ಲಿ ಒಮ್ಮೆ ಸೆಟ್ಟಿಂಗ್ಸ್ ತೆರೆದು ದೇಶವನ್ನು ಭಾರತ ಮಾಡಿಬಿಡಿ. ಒಂದು ಸಲದ ಕೆಲಸ. ನೀವು ಮಾಡಿರುವುದಿಲ್ಲ, ನನಗೆ ಗೊತ್ತು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಿಮ್ಮ ಶೀಟಿನಲ್ಲಿ ಮಾತ್ರ ಅದಕ್ಕೆ ಒಂದು ಖಚಿತ ಹೆಸರು ಇನ್ನೂ ಸಿಕ್ಕಿಲ್ಲ. ಒಂದು ಸಾಲಿನಲ್ಲಿ ‘ಡಬ್ಬಿ’, ಇನ್ನೊಂದರಲ್ಲಿ ‘ಬ್ಯಾಡಗಿ ಡಬ್ಬಿ’, ಮತ್ತೊಂದರಲ್ಲಿ ‘ಡಬಿ’. ಕೀಬೋರ್ಡು ಕನ್ನಡಕ್ಕೆ ಒಮ್ಮೆ, ಇಂಗ್ಲಿಷಿಗೆ ಒಮ್ಮೆ ಹಾರುತ್ತಿರುತ್ತದೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ, ಶೀಟಿಗೆ ಮೂರೂ ಬೇರೆ ಬೇರೆ ಮಾಲು. ಡಬ್ಬಿ, ಕಡ್ಡಿ, ಗುಂಟೂರು ಎಂದು ಮೆಣಸಿನಕಾಯಿಯ ಬಗೆಗಳ ಒಂದು ಡ್ರಾಪ್‌ಡೌನ್ ಪಟ್ಟಿಯನ್ನು ಮನೆಯಲ್ಲಿ ಕೂತು ಮಾಡಿಡಿ. ಬಸ್ಸಿನಲ್ಲಿ ಬರೀ ಆರಿಸಿದರಾಯಿತು. ತಲೆಬರಹದ ಸಾಲನ್ನೂ ಹೆಸರಿನ ಕಾಲಮ್ಮನ್ನೂ ಫ್ರೀಜ್ ಮಾಡಿಡಿ. ಅಂಗೈಯಗಲದ ಪರದೆಯಲ್ಲಿ ಶೀಟನ್ನು ಆಚೆ ಸರಿಸಿದಾಗ ಇದು ಯಾರ ಲೆಕ್ಕ ಎಂಬುದೇ ಕಣ್ಮರೆಯಾಗುತ್ತದೆ. ಹಾಗೆ ಕುರುಡಾಗಿ ಬರೆದ ಅಂಕಿ ನೆರೆಮನೆಯವಳ ಸಾಲಿಗೆ ಬಿದ್ದರೆ ಆಕೆಯ ತಪ್ಪಲ್ಲ.

ಸೂತ್ರ ಇರುವ ಖಾನೆಗಳಿಗೆ ಬೀಗ ಹಾಕಬಹುದು ಎಂದು ಎಷ್ಟು ಜನರಿಗೆ ಗೊತ್ತು? ಪ್ರೊಟೆಕ್ಟ್ ಮಾಡಿದರೆ ಬೆರಳು ಜಾರಿದರೂ ಮೊತ್ತ ಅಳಿಯುವುದಿಲ್ಲ. ಆದರೆ ಮಾಲೀಕರ ಬೆರಳಿಗೆ ಆ ಬೀಗ ಲೆಕ್ಕಕ್ಕಿಲ್ಲ. ಎಚ್ಚರಿಕೆ ತೋರಿಸುವಂತೆ ಇಟ್ಟಿದ್ದರೆ ಬರೀ ಎಚ್ಚರಿಸಿ ಬಿಡುತ್ತದೆ, ಆ ಎಚ್ಚರಿಕೆಯನ್ನು ಓದದೆ ‘ಓಕೆ’ ಒತ್ತುವವರು ನೀವೇ.

ನನ್ನನ್ನು ಕೇಳಿದರೆ, ಪದೇಪದೇ ಒಂದೇ ಬಗೆಯ ವಹಿವಾಟು ಬರೆಯುವವರು ದಾರಿಯಲ್ಲಿ ಶೀಟನ್ನು ತೆರೆಯಲೇಬಾರದು. ಗೂಗಲ್ ಫಾರ್ಮ್ ಮಾಡಿಕೊಳ್ಳಿ. ತಾರೀಖು, ಹೆಸರು, ಮಾಲು, ತೂಕ, ದರ, ಇಷ್ಟೇ ಪ್ರಶ್ನೆ. ತುಂಬಿ ಕಳಿಸಿದರೆ ಶೀಟಿನಲ್ಲಿ ಹೊಸ ಸಾಲಾಗಿ, ಕಳಿಸಿದ ಹೊತ್ತಿನ ಸಮೇತ ಬಂದು ಕೂರುತ್ತದೆ. ಹಳೆಯ ಸಾಲನ್ನು ಅದು ಮುಟ್ಟುವುದೇ ಇಲ್ಲ. ನಾನು ಹೇಳಿದ ಕಿರ್ದಿ ಪುಸ್ತಕ ಇದೇ ತಾನೇ? ಇದಕ್ಕೆ ನೆಟ್ ಬೇಕು, ಅದೊಂದೇ ಕುಂದು. ನೆಟ್ ಇಲ್ಲದ ಕಡೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಾಗದ ಹಿಡಿದರೆ ನಾಚಿಕೆಯೇ? ಕಾಗದಕ್ಕೆ ಚಾರ್ಜ್ ಬೇಡ.

ಈಗ ಇಬ್ಬರು ಒಂದೇ ಶೀಟು ಹಿಡಿದಾಗಿನ ಮಾತು. ಗಂಡ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯ ಮುಂದೆ ನಿಂತು ಖರ್ಚು ಹಾಕುತ್ತಾರೆ, ಹೆಂಡತಿ ಮನೆಯಲ್ಲಿ ಅದೇ ಖಾನೆ ಸರಿಪಡಿಸುತ್ತಾರೆ. ಒಂದೇ ಖಾನೆಗೆ ಇಬ್ಬರೂ ಬರೆದರೆ ಕೊನೆಗೆ ಮುಟ್ಟಿದ್ದು ಉಳಿಯುತ್ತದೆ. ಅದರಲ್ಲೂ ಒಬ್ಬರು ನೆಟ್ ಇಲ್ಲದೆ ಬರೆದು ಆಮೇಲೆ ಅದು ಏರಿದರೆ ಯಾವುದು ಮೊದಲು, ಯಾವುದು ಕೊನೆ ಎಂದು ಬಿಡಿಸುವುದೇ ಕಷ್ಟ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಯಾರು ಯಾವ ಸಾಲು, ಯಾರು ಯಾವ ಕಾಲಮ್ಮು ಎಂದು ಮನೆಯಲ್ಲೇ ಮಾತಾಡಿಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ವಾಟ್ಸಾಪಿನಲ್ಲಿ ಫೈಲು ಕಳಿಸುವುದು. ಕಳಿಸಿದ್ದು ನಕಲು. ಅವರು ಅದರಲ್ಲಿ ತಿದ್ದಿ ವಾಪಸ್ ಕಳಿಸಿದರೆ ಅದು ಇನ್ನೊಂದು ನಕಲು. ಅಷ್ಟರಲ್ಲಿ ನೀವು ಮೂಲದಲ್ಲಿ ತಿದ್ದಿರುತ್ತೀರಿ. ನಾಲ್ಕು ದಿನಕ್ಕೆ ನಿಮ್ಮ ಫೋನಿನಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’, ‘ಇದೇ ನೋಡ್ರಿ ಫೈನಲ್’ ಎಂದು ಸಾಲುಗಟ್ಟಿ ನಿಂತಿರುತ್ತವೆ. ಫೈಲು ಕಳಿಸಬೇಡಿ, ಒಂದೇ ಶೀಟನ್ನು ಹಂಚಿಕೊಳ್ಳಿ. ಗೂಗಲ್ ಆಗಲಿ, ಮೈಕ್ರೋಸಾಫ್ಟಿನ ಎಕ್ಸೆಲ್ ಮತ್ತು ಒನ್‌ಡ್ರೈವ್ ಆಗಲಿ, ಯಾವುದಾದರೂ ಒಂದನ್ನು ಹಿಡಿಯಿರಿ. ಎರಡರಲ್ಲೂ ಅರ್ಧರ್ಧ ಇಟ್ಟುಕೊಂಡು ಎರಡು ದೋಣಿಯ ಮೇಲೆ ಕಾಲಿಡಬೇಡಿ.

ಹಂಚಿಕೊಳ್ಳಿ ಎಂದೆ ಎಂದು ಊರಿಗೆಲ್ಲ ಬಾಗಿಲು ತೆರೆಯಬೇಡಿ ಮತ್ತೆ. ‘ಲಿಂಕ್ ಇರುವ ಯಾರಾದರೂ’ ಎಂದು ಆರಿಸಿ, ಮೇಲಿಂದ ‘ಎಡಿಟರ್’ ಎಂದು ಕೊಟ್ಟು, ಆ ಲಿಂಕನ್ನು ಎಂಬತ್ತು ಜನರ ಗ್ರೂಪಿಗೆ ಹಾಕಿದವರನ್ನು ನಾನು ಬಲ್ಲೆ. ಯಾರದೋ ಮನೆಯ ಕೂಸು ಫೋನು ಹಿಡಿದು ಆಡಿದರೂ ಸಾಕು, ನಿಮ್ಮ ಒಂದು ಸುಗ್ಗಿಯ ಲೆಕ್ಕ ಮಾಯ. ನೋಡುವವರಿಗೆ ನೋಡುವಷ್ಟೇ ಹಕ್ಕು, ಬರೆಯುವವರ ಹೆಸರನ್ನು ಒಂದೊಂದಾಗಿ ಸೇರಿಸಿ. ಕೆಲಸ ಬಿಟ್ಟವರ ಹೆಸರನ್ನು ಅದೇ ದಿನ ತೆಗೆಯಿರಿ. ಇದು ಅಪನಂಬಿಕೆಯಲ್ಲ. ಮನೆಯ ಕೀಲಿಯನ್ನು ಬಾಡಿಗೆದಾರರಿಂದ ವಾಪಸ್ ಇಸಿದುಕೊಳ್ಳುವುದಿಲ್ಲವೇ?

ಗೂಗಲ್ಲಿನಲ್ಲಿ ಪುಕ್ಕಟೆ ಸಿಗುವ ಜಾಗ 15 ಜಿಬಿ. ಇಮೇಲು, ಫೋಟೋ, ಡ್ರೈವ್ ಎಲ್ಲಕ್ಕೂ ಸೇರಿ ಅಷ್ಟೇ. ಈಗ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಬರುತ್ತದೆ. ಅಂದರೆ ಬೆಳಗಾಗೆದ್ದು ನೀವು ಕೂಡಿಡುವ ಶುಭೋದಯದ ಗುಲಾಬಿ ಹೂವುಗಳು ನಿಮ್ಮ ಲೆಕ್ಕದ ಜಾಗವನ್ನೇ ತಿನ್ನುತ್ತಿವೆ. ತುಂಬಿದ ಮೇಲೆ ಹೊಸ ಶೀಟು ಮಾಡಲು ಬಿಡದು, ಇಮೇಲೂ ಬರುವುದು ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಹಾಗೆಂದು ಗಡಿಬಿಡಿಯಲ್ಲಿ ಶೀಟನ್ನೇ ಅಳಿಸಿಬಿಟ್ಟೀರಿ! ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಎತ್ತಿಕೊಂಡರೆ ಬದುಕಿತು.

ತಿಂಗಳಿಗೊಮ್ಮೆ, ಅಮಾವಾಸ್ಯೆ ಎಂದು ಗುರುತಿಟ್ಟುಕೊಳ್ಳಿ, ಶೀಟಿನ ಒಂದು ಪ್ರತಿಯನ್ನು ಡೌನ್‌ಲೋಡ್ ಮಾಡಿ ಬೇರೆ ಕಡೆ ಇಡಿ. ನಾವು ಸಂಘದಲ್ಲಿ ಪ್ರಿಂಟನ್ನೂ ತೆಗೆದು ಎಲ್ಲರ ಸಹಿ ಹಾಕಿಸುತ್ತೇವೆ. ಫೋನಿಗೆ ಪರದೆಯ ಬೀಗ, ಗೂಗಲ್ ಖಾತೆಗೆ ಎರಡು ಹಂತದ ತಪಾಸಣೆ ಇರಲಿ. ಫೋನು ಕಳೆದರೆ ಬೇರೆ ಫೋನಿನಿಂದ ಖಾತೆಗೆ ಹೋಗಿ, ಕಳೆದ ಫೋನನ್ನು ಸೈನ್ ಔಟ್ ಮಾಡಿ. ಪೊಲೀಸರಿಗೆ ದೂರು ಕೊಟ್ಟು, ಸಂಚಾರ್ ಸಾಥಿ ತಾಣದಲ್ಲಿ ಆ ಫೋನನ್ನೇ ಬಂದ್ ಮಾಡಿಸುವ ಸೌಲಭ್ಯವಿದೆ. ಇದಕ್ಕೆ ಫೋನಿನ ಐಎಂಇಐ ನಂಬರು ಬೇಕು. ಈಗಲೇ *#06# ಒತ್ತಿ, ಬಂದ ನಂಬರನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಬೈಕು ಓಡಿಸುತ್ತ, ಟ್ರ್ಯಾಕ್ಟರ್ ಮೇಲೆ ಕೂತು ಲೆಕ್ಕ ಹಾಕುವವರಿಗೆ ನಾನು ಏನೂ ಹೇಳುವುದಿಲ್ಲ. ಅವರಿಗೆ ಬೈಯಲು ಅವರ ತಾಯಿ ಇದ್ದಾರೆ.

ದಲಾಲರ ಪಟ್ಟಿ ಕೈಗೆ ಬಂದ ಕೂಡಲೇ ಅಲ್ಲೇ, ಅಂಗಡಿಯ ಕಟ್ಟೆಯ ಮೇಲೆ ನಿಂತು, ಅದರ ಫೋಟೋ ತೆಗೆಯಿರಿ. ಖಾರದ ಘಾಟಿಗೆ ಕಣ್ಣು ಉರಿದು ಅಂಕಿ ಮಸುಕಾಗಿ ಕಂಡರೆ ಇನ್ನೊಮ್ಮೆ ತೆಗೆಯಿರಿ. ಬ್ಯಾಡಗಿ ಬಿಟ್ಟು ಮೋಟೆಬೆನ್ನೂರು ಬರುವಷ್ಟರಲ್ಲಿ ಹೊಸ ಸಾಲು ಬರೆದು ಮುಗಿಯಬೇಕು. ಹೆದ್ದಾರಿ ಸೇರಿದ ಮೇಲೆ ಫೋನು ಚೀಲದೊಳಗೆ. ಸಂಜೆ ಊಟಕ್ಕೆ ಮುಂಚೆ ಫೋಟೋ ಒಂದು ಕಡೆ, ಶೀಟು ಒಂದು ಕಡೆ ಇಟ್ಟುಕೊಂಡು ತಾಳೆ ನೋಡಿ. ಆಗ ಎಷ್ಟು ಬೇಕಾದರೂ ತಿದ್ದಿ, ನಾನು ಬೇಡ ಎನ್ನುವುದಿಲ್ಲ.